ದ್ವೀಪವಾಸಿಗಳ ನಡುವೆ ವಿಜ್ಞಾನ: ತರುಣ ಅಧ್ಯಾಪಕರಿಗೆ ದೊರೆಯುವ ಸಂಶೋಧನಾ ಧನಸಹಾಯ

2006ನೆಯ ಇಸವಿ ಜೂನ್ ತಿಂಗಳಿನಲ್ಲಿ ಹವಾಯಿ ವಿಶ್ವವಿದ್ಯಾನಿಲಯವು ತನ್ನ ಹೆಸರಿನಲ್ಲಿದ್ದ ಮೂರು ಪೇಟೆಂಟುಗಳನ್ನು ಬಿಟ್ಟುಕೊಟ್ಟಿತು. ಅವು ಯಂತ್ರಕ್ಕಾಗಲಿ ಔಷಧಕ್ಕಾಗಲಿ ಸಂಬಂಧಿಸಿದವುಗಳಲ್ಲ. ಕೆಸುವಿನ ಮೂರು ಹೊಸ ತಳಿಗಳಿಗೆ ಸಂಬಂಧಿಸಿದವು. ಮಲೆನಾಡಿನ ತೋಟದಂಚಿನಲ್ಲಿಯೂ ಕರಾವಳಿಯ ಪತ್ರೊಡೆಯಲ್ಲಿಯೂ ವಾಚಕರಿಗೆ ಪರಿಚಿತವಾಗಿರುವ ಈ ಗಿಡವೇ ಹವಾಯಿಯಲ್ಲಿ ಕಲೊ ಎನಿಸಿಕೊಂಡು, ಗೆಡ್ಡೆಯನ್ನು ಬೇಯಿಸಿ ಕುಟ್ಟಿ ಮಾಡಿದ ಪೋಇ ಎಂಬ ಅಂಬಲಿಯ ರೂಪದಲ್ಲಿ ಆ ಜನರ ಮುಖ್ಯಾಹಾರವಾಗಿ ಬಂದಿದೆ. ಕೆಸುವಿನ ಎಲೆಯನ್ನು ಕೊಳೆಯಿಸುವ ಒಂದು ರೋಗವುಂಟು. ಅದು 1993ರಲ್ಲಿ ಸಮೋವಾ ದ್ವೀಪಗಳನ್ನು ಹೊಕ್ಕು ಅಲ್ಲಿಯ ಬೆಳೆಯನ್ನು ಅಲ್ಪಕಾಲದಲ್ಲಿಯೇ ನೆಲಸಮ ಮಾಡಿತು. ಇಂತಹ ವಿಪತ್ತಿಗೆ ಪ್ರತೀಕಾರವಾಗಿ ಹವಾಯಿಯ ಸಸ್ಯಶಾಸ್ತ್ರಜ್ಞರು ಪಲಾವ್ ದ್ವೀಪದ ಕೆಸುವನ್ನು ಹವಾಯಿಯ ಕೆಸುವಿನೊಡನೆ ಸಂಕರಮಾಡಿ ರೋಗವನ್ನು ತಡೆಯಬಲ್ಲ ತಳಿಗಳನ್ನು ಪಡೆದರು. ವಿಶ್ವವಿದ್ಯಾನಿಲಯವು ತನ್ನ ರೂಢಿಯಂತೆ ಅವುಗಳಿಗೆ ಪೇಟೆಂಟು ಬೇಡಿತು. 2002ರಲ್ಲಿ ಅದು ದೊರೆಯಿತು. ಅಲ್ಲಿಂದ ಮುಂದೆ ಆ ತಳಿಗಳನ್ನು ಬೆಳೆಯತಕ್ಕ ರೈತನು ಪರವಾನಗಿಯನ್ನು ಪಡೆದು ರಾಯಧನವನ್ನು ಸಲ್ಲಿಸಬೇಕಾಯಿತು.

ಇದರಲ್ಲಿ ವಿಶ್ವವಿದ್ಯಾನಿಲಯಕ್ಕೆ ಅಸಹಜವಾದುದೇನೂ ಕಾಣಲಿಲ್ಲ. ಆದರೆ ಹವಾಯಿಯ ಮೂಲನಿವಾಸಿಗಳ ವಂಶಕಥನದಲ್ಲಿ ಕಲೊ ಬೆಳೆ ಮಾತ್ರವಲ್ಲ. ಆಕಾಶಪಿತನಾದ ವಾಕೇಅನಿಗೆ ಹೋಓಹೋಕೂಕಲಾನಿಯಲ್ಲಿ ಹುಟ್ಟಿದ ಮೊದಲನೆಯ ಶಿಶು ಜೀವವಿಲ್ಲದೆ ಹುಟ್ಟಿತು. ಅದನ್ನು ಹೂಳಿದ ಸ್ಥಳದಲ್ಲಿ ಕೆಸುವು ಮೊಳೆಯಿತು. ಎರಡನೆಯ ಮಗನು ಅಣ್ಣನ ಹೆಸರನ್ನೇ ಹೊತ್ತು ಹಾಲೋಅ ಎನಿಸಿ ಮನುಷ್ಯರಿಗೆ ಮೂಲಪುರುಷನಾದನು. ಆದುದರಿಂದ ಕೆಸು ಹಿರಿಯಣ್ಣ, ಮನುಷ್ಯ ತಮ್ಮ. ತಾಯಿಗೆಡ್ಡೆಯ ಪಕ್ಕದಲ್ಲಿ ಒಡೆಯುವ ಮರಿಗಳಿಗೆ ಆ ಭಾಷೆಯಲ್ಲಿ ಓಹ ಎಂದು ಹೆಸರು. ಕುಟುಂಬವೆಂಬರ್ಥದ ಓಹನ ಎಂಬ ಶಬ್ದ ಅದರಿಂದಲೇ ಬಂದುದು. ಹಿರಿಯಣ್ಣನ ಮೇಲೆ ಸ್ವಾಮ್ಯಪತ್ರವನ್ನು ಬರೆಸಿಕೊಳ್ಳುವುದೆಂದರೇನೆಂದು ರೈತರೂ ವಿದ್ಯಾರ್ಥಿಗಳೂ ಕೇಳಿದರು. ರೋಗವು ನಿಜವಾದುದು, ತಳಿಗಳು ಉಪಯುಕ್ತವಾದುವು, ಸಂಶೋಧಕನ ಉದ್ದೇಶವೂ ಕೆಟ್ಟುದಲ್ಲ. ಕೇಳಬೇಕಾದವರನ್ನು ಕೇಳಬೇಕಾದ ಕಾಲದಲ್ಲಿ ಕೇಳದೆ ಹೋದುದೊಂದೇ ಇಲ್ಲಿಯ ದೋಷವೆನ್ನಬೇಕು. ಆದರೆ ಸಂಕರಕ್ಕೆ ಮೊದಲು ಹತ್ತು ಗದ್ದೆಗಳ ಬದುವಿನ ಮೇಲೆ ಕುಳಿತು ಮಾತನಾಡುವುದಕ್ಕೆ ಬೇಕಾದ ತಿಂಗಳುಗಳಿಗೆ ಯಾವ ಧನಸಹಾಯದ ಪಟ್ಟಿಯಲ್ಲಿಯೂ ಒಂದು ಸಾಲನ್ನು ಮೀಸಲಿಡುವ ಪದ್ಧತಿ ಆಗ ಇರಲಿಲ್ಲ.

ದ್ವೀಪವಾಸಿಗಳ ನಡುವೆ ಕೆಲಸಮಾಡುವ ತರುಣ ವಿಜ್ಞಾನಾಧ್ಯಾಪಕರಿಗೆ ಕೊಡತಕ್ಕ ಸಂಶೋಧನಾ ಧನದ ಪ್ರಶ್ನೆಯೆಲ್ಲವೂ ಈ ಒಂದು ಸಾಲಿನ ಸುತ್ತ ತಿರುಗುತ್ತದೆ. ದೊಡ್ಡ ವಿಶ್ವವಿದ್ಯಾನಿಲಯದಲ್ಲಿ ಅಂತಹ ಧನದಿಂದ ಉಪಕರಣಗಳೂ ಸಹಾಯಕರೂ ದೊರೆಯುತ್ತಾರೆ. ದ್ವೀಪದ ಸಣ್ಣ ಕಾಲೇಜಿನಲ್ಲಿ ಅದರಿಂದ ಮುಖ್ಯವಾಗಿ ದೊರೆಯಬೇಕಾದುದು ಕಾಲ.

ಈ ಕಾಲೇಜುಗಳು ಯಾವ ನೆಲದಲ್ಲಿ ನಿಂತಿವೆಯೆಂಬುದನ್ನು ಸಂಕ್ಷೇಪವಾಗಿ ತಿಳಿಯುವುದವಶ್ಯ. 1778ರಲ್ಲಿ ಕುಕ್ ನಾಯಕನ ಹಡಗುಗಳು ಬಂದಾಗ ಹವಾಯಿಯಲ್ಲಿ ಲಕ್ಷಗಟ್ಟಲೆ ಇದ್ದ ಮೂಲನಿವಾಸಿಗಳು ಹೊರಗಿನ ರೋಗಗಳಿಗೆ ತುತ್ತಾಗಿ, 1890ರ ಜನಗಣತಿಯ ಹೊತ್ತಿಗೆ ಮಿಶ್ರಸಂತಾನವನ್ನೂ ಸೇರಿಸಿ ಸುಮಾರು 40,000ಕ್ಕೆ ಇಳಿದಿದ್ದರು. 1893ರಲ್ಲಿ ಅವರ ರಾಣಿಯನ್ನು ಪದಚ್ಯುತಗೊಳಿಸಲಾಯಿತು. 1896ರ ಶಾಸನದಿಂದ ಶಾಲೆಗಳಲ್ಲಿ ಇಂಗ್ಲಿಷೇ ಬೋಧನಭಾಷೆಯಾಗಿ ದೇಶಭಾಷೆ ಹೊರಬಿದ್ದಿತು. 1898ರಲ್ಲಿ ದ್ವೀಪಗಳು ಅಮೆರಿಕಾ ಸಂಯುಕ್ತ ಸಂಸ್ಥಾನಕ್ಕೆ ಸೇರಿದುವು. ವಿಶ್ವವಿದ್ಯಾನಿಲಯವು 1907ರಲ್ಲಿ ಒಂದು ಕೃಷಿ ಕಾಲೇಜಾಗಿ ಹುಟ್ಟಿ, ಈಗ ಮೂರು ವಿಶ್ವವಿದ್ಯಾಲಯಗಳೂ ಏಳು ಸಮುದಾಯ ಕಾಲೇಜುಗಳೂ ಕೂಡಿದ ದೊಡ್ಡ ಸಂಸ್ಥೆಯಾಗಿದೆ. ಪಶ್ಚಿಮದಲ್ಲಿ ಬಹುದೂರದ ಗುವಾಮ್ ದ್ವೀಪದ ವಿಶ್ವವಿದ್ಯಾನಿಲಯವು 1952ರಲ್ಲಿಯೂ, ಅಮೆರಿಕನ್ ಸಮೋವಾದ ಸಮುದಾಯ ಕಾಲೇಜು 1970ರಲ್ಲಿಯೂ ಆರಂಭವಾದುವು. 2020ರ ಜನಗಣತಿಯಲ್ಲಿ ತಾವು ಪೂರ್ಣವಾಗಿಯೋ ಭಾಗಶಃವಾಗಿಯೋ ಹವಾಯಿಯ ಮೂಲನಿವಾಸಿಗಳೆಂದು ಬರೆಯಿಸಿಕೊಂಡವರ ಸಂಖ್ಯೆ 6,80,442. ಅಳಿದೇಹೋಗುವರೆಂದು ಹಿಂದೆ ಪರರು ಬರೆದಿಟ್ಟಿದ್ದ ಜನ ಹೀಗೆ ಮರಳಿ ಬೆಳೆದಿದ್ದಾರೆ. ಅವರ ಮಕ್ಕಳಲ್ಲಿ ಹಲವರು ಉನ್ನತ ವಿದ್ಯೆಯ ಬಾಗಿಲನ್ನು ಮೊದಲು ಕಾಣುವುದು ಸಮುದಾಯ ಕಾಲೇಜುಗಳಲ್ಲಿ.

ಅಂತಹ ಕಾಲೇಜಿಗೆ ಹೊಸದಾಗಿ ಬಂದ ರಸಾಯನಶಾಸ್ತ್ರದ ಅಥವಾ ಜೀವಶಾಸ್ತ್ರದ ಅಧ್ಯಾಪಕಿಯೊಬ್ಬಳ ವರ್ಷ ಹೇಗೆ ಕಳೆಯುತ್ತದೆಂಬುದನ್ನು ನೋಡಿದರೆ ಮೇಲಿನ ಮಾತು ಸ್ಪಷ್ಟವಾದೀತು. ಒಂದೊಂದು ಅವಧಿಯಲ್ಲಿಯೂ ನಾಲ್ಕೈದು ಪಾಠಗಳು ಅವಳ ಪಾಲಿಗೆ ಬರುತ್ತವೆ. ಪ್ರಯೋಗಶಾಲೆಯ ಸೀಸೆಗಳನ್ನು ತೊಳೆಯಿಸುವುದೂ ಅವಳದೇ ಹೊಣೆ. ಮೇಲುತರಗತಿಯ ಸಂಶೋಧನಾ ವಿದ್ಯಾರ್ಥಿಗಳು ಅಲ್ಲಿಲ್ಲ. ಉಪಕರಣವೊಂದು ಕೆಟ್ಟರೆ ಅದನ್ನು ಸರಿಪಡಿಸತಕ್ಕವನು ಸಾಗರವನ್ನು ದಾಟಿ ಬರಬೇಕು. ಹೊನೊಲುಲುವಿನಿಂದ ಅತ್ಯಂತ ಸಮೀಪದ ಖಂಡದ ಪಟ್ಟಣವೂ 3,800 ಕಿಲೋಮೀಟರಿನಷ್ಟು ದೂರ. ಇವೆಲ್ಲದರ ಮೇಲೆ, ಮೂಲನಿವಾಸಿಗಳ ಕುಟುಂಬದಿಂದ ಬಂದ ಅಧ್ಯಾಪಕಿಯಾಗಿದ್ದರೆ ಪ್ರತಿಯೊಂದು ಸಮಿತಿಗೂ ಅವಳು ಬೇಕು, ಪ್ರತಿಯೊಬ್ಬ ವಿದ್ಯಾರ್ಥಿಯ ಕಷ್ಟಕ್ಕೂ ಅವಳು ಬೇಕು. ಧನಸಹಾಯ ದೊರೆತಾಗ ಅದರಲ್ಲಿ ಒಂದು ಭಾಗವನ್ನು ಕಾಲೇಜಿಗೆ ಕಟ್ಟಿ, ಅದರಿಂದ ಬದಲಿ ಉಪಾಧ್ಯಾಯರನ್ನು ಗೊತ್ತುಮಾಡಿಸಿ, ಐದು ಪಾಠಗಳಲ್ಲಿ ಎರಡನ್ನು ಇಳಿಸಿಕೊಳ್ಳುವುದೇ ಅವಳು ಮಾಡಬೇಕಾದ ಮೊದಲನೆಯ ಕೆಲಸ.

ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಈ ಬಗೆಯ ಸಹಾಯದ ಮುಖ್ಯವಾದ ಮೂಲ 1950ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ. ತರುಣ ಅಧ್ಯಾಪಕರಿಗಾಗಿಯೇ ಅದು 1990ರ ದಶಕದ ಮಧ್ಯದಲ್ಲಿ ಆರಂಭಿಸಿದ ಕೆರಿಯರ್ ಎಂಬ ಪುರಸ್ಕಾರವು ಐದು ವರ್ಷಗಳಿಗೆ ಕನಿಷ್ಠಪಕ್ಷ 4,00,000 ಡಾಲರುಗಳನ್ನು ಒದಗಿಸುವಂತಹುದು. ಒಬ್ಬ ಅಧ್ಯಾಪಕನು ಅದಕ್ಕಾಗಿ ಮೂರು ಸಲಕ್ಕಿಂತ ಹೆಚ್ಚು ಅರ್ಜಿ ಹಾಕುವಂತಿಲ್ಲ. ನಿಯಮದಲ್ಲಿ ಅದು ಸಣ್ಣ ಕಾಲೇಜಿಗೆ ಮುಚ್ಚಿದ ಬಾಗಿಲಲ್ಲ. ಆದರೆ ಅರ್ಜಿಯಲ್ಲಿ ತೋರಿಸಬೇಕಾದ ಪೂರ್ವಭಾವಿ ಫಲಿತಾಂಶಗಳಿಗೆ ಮೊದಲೇ ಹಣವೂ ಕಾಲವೂ ಬೇಕಾದುದರಿಂದ ಇದ್ದವರಿಗೇ ಇನ್ನಷ್ಟು ಎಂಬಂತಾಗುತ್ತದೆ. ಈ ಅಸಮತೆಯನ್ನು ತಿದ್ದುವ ಉದ್ದೇಶದಿಂದ ಎರಡು ಬೇರೆ ಏರ್ಪಾಡುಗಳು ಹುಟ್ಟಿದುವು. ಸಂಶೋಧನಾ ಧನವು ಕಡಮೆಯಾಗಿ ಸಲ್ಲುವ ಸಂಸ್ಥಾನಗಳಿಗೂ ದ್ವೀಪಪ್ರಾಂತಗಳಿಗೂ ಮೀಸಲಾದ ಎಪ್ಸ್ಕೋರ್ ಎಂಬುದು 1970ರ ದಶಕದ ಕೊನೆಯಲ್ಲಿ ಆರಂಭವಾಯಿತು. 2001ರಲ್ಲಿ ಮೂಲನಿವಾಸಿಗಳ ಕಾಲೇಜುಗಳಿಗೆಂದು ಇನ್ನೊಂದು ಕಾರ್ಯಕ್ರಮವು ಹೊರಟಿತು. ಖಂಡದ ಬುಡಕಟ್ಟುಗಳ ಕಾಲೇಜುಗಳ ಜೊತೆಗೆ ಅಲಾಸ್ಕಾದ ಮತ್ತು ಹವಾಯಿಯ ಮೂಲನಿವಾಸಿಗಳ ಸೇವೆಗೆ ನಿಂತ ಕಾಲೇಜುಗಳೂ ಅದರೊಳಗೆ ಬಂದುವು. ಸಂಶೋಧನೆಯನ್ನು ಆಗತಾನೆ ಕೈಗೊಳ್ಳುತ್ತಿರುವ ಅಧ್ಯಾಪಕರಿಗೆ ಸಣ್ಣ ಮೊತ್ತಗಳನ್ನು ಕೊಡುವ ಒಂದು ಶಾಖೆಯೂ ಈ ಕಾರ್ಯಕ್ರಮದಲ್ಲಿ ಸೇರಿತು. ಮೊತ್ತದಲ್ಲಿ ಚಿಕ್ಕದಾದರೂ, ಪೂರ್ವಭಾವಿ ಫಲಿತಾಂಶವಿಲ್ಲದವನಿಗೆ ಮೊದಲನೆಯ ಮೆಟ್ಟಿಲಾಗುವುದರಿಂದ ಪ್ರಯೋಜನದಲ್ಲಿ ಇದು ಚಿಕ್ಕದಲ್ಲ.

ಲೆಕ್ಕದ ಕಡೆಯ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಶುಷ್ಕವಾಗಿ ತೋರಿದರೂ ಅದರಲ್ಲಿ ಬಹಳವಿದೆ. ಸರಕಾರದ ಧನಸಹಾಯದ ಜೊತೆಗೆ ಕಟ್ಟಡ, ವಿದ್ಯುತ್ತು, ಗುಮಾಸ್ತೆಗಳು ಮೊದಲಾದ ಸಾಮಾನ್ಯ ವೆಚ್ಚಕ್ಕೆಂದು ಸಂಸ್ಥೆಗೆ ಶೇಕಡಾ ಇಷ್ಟೆಂದು ಸೇರಿಸಿ ಕೊಡುವುದು ಪದ್ಧತಿ. ದೊಡ್ಡ ವಿಶ್ವವಿದ್ಯಾನಿಲಯಗಳು ಸರಕಾರದೊಡನೆ ಮಾತುಕತೆ ನಡೆಯಿಸಿ ಶೇಕಡಾ 50ಕ್ಕೂ ಮೀರಿದ ದರವನ್ನು ಪಡೆದಿರುವುದುಂಟು. ಹಾಗೆ ಮಾತುಕತೆ ನಡೆಯಿಸಲು ಬೇಕಾದ ಲೆಕ್ಕಪತ್ರಗಳನ್ನು ಸಿದ್ಧಪಡಿಸುವ ಶಕ್ತಿಯಿಲ್ಲದ ಸಣ್ಣ ಸಂಸ್ಥೆಗೆ ಶೇಕಡಾ 10ರ ಕನಿಷ್ಠ ದರವೇ ಗತಿಯಾಗಿತ್ತು. 2024ರ ಅಕ್ಟೋಬರಿನಿಂದ ಅದು 15 ಆಯಿತು. ಈ ಹಣದಿಂದಲೇ ಅರ್ಜಿಗಳ ನಿಯಮವನ್ನು ಓದಿ ತಿಳಿಸಬಲ್ಲ ಗುಮಾಸ್ತೆಯು ನೇಮಕವಾಗಬೇಕು. ಗುಮಾಸ್ತೆಯಿಲ್ಲದ ಕಾಲೇಜಿನಲ್ಲಿ ಆ ಕೆಲಸವೂ ಅಧ್ಯಾಪಕಿಯ ರಾತ್ರಿಗಳಿಗೆ ಸೇರುತ್ತದೆ.

ಇನ್ನು, ಈ ಧನದಿಂದ ಎಂತಹ ಪ್ರಶ್ನೆಗಳನ್ನು ಕೈಗೊಳ್ಳುತ್ತಾರೆ? ಗುವಾಮಿನಲ್ಲಿ 2013ರಿಂದ 2017ರ ವರೆಗೆ ಸಮುದ್ರದ ಬಿಸಿಯೇರಿ ಕಡಮೆ ಆಳದ ಹವಳಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಸತ್ತುಹೋದುವು. ಅಲ್ಲಿಯ ವಿಶ್ವವಿದ್ಯಾನಿಲಯಕ್ಕೆ 2015ರಲ್ಲಿ ಎಪ್ಸ್ಕೋರಿನಿಂದ ಬಂದ 60 ಲಕ್ಷ ಡಾಲರುಗಳು ಹವಳ ಮತ್ತು ಸಾಗರಗಳ ಅಧ್ಯಯನಕ್ಕೇ ವಿನಿಯೋಗವಾದುವು. ಹವಾಯಿಗೆ 2016ರಲ್ಲಿ ದೊರೆತ 2 ಕೋಟಿ ಡಾಲರುಗಳ ಯೋಜನೆಗೆ ಇಕೆ ವೈ ಎಂದು ಹೆಸರು: ನೀರಿನ ಅರಿವು. ಜ್ವಾಲಾಮುಖಿಯ ಕಲ್ಲಿನ ಒಡಲಿನಲ್ಲಿ ಸಿಹಿನೀರು ಎಲ್ಲಿ ನಿಲ್ಲುತ್ತದೆ, ಯಾವ ಕಡೆಗೆ ಹರಿಯುತ್ತದೆ ಎಂಬುದು ಅದರ ಪ್ರಶ್ನೆ. 2021ರ ನವೆಂಬರಿನಲ್ಲಿ ಓಆಹು ದ್ವೀಪದ ರೆಡ್ ಹಿಲ್ ಎಂಬಲ್ಲಿ ನೌಕಾಬಲದ ನೆಲಮಾಳಿಗೆಯ ಉಗ್ರಾಣದಿಂದ ಇಂಧನ ಸೋರಿ ಸಾವಿರಾರು ಮನೆಗಳ ಕುಡಿಯುವ ನೀರನ್ನು ಕೆಡಿಸಿದಾಗ, ಈ ಪ್ರಶ್ನೆ ವಿದ್ವಾಂಸರಿಗೆ ಮಾತ್ರ ಸೇರಿದುದಲ್ಲವೆಂಬುದು ಎಲ್ಲರಿಗೂ ತಿಳಿಯಿತು. ಹವಾಯಿಯ ಭಾಷೆಯಲ್ಲಿ ವೈ ಎಂದರೆ ಸಿಹಿನೀರು. ವೈವೈ ಎಂದರೆ ಐಶ್ವರ್ಯ.

ಆದರೆ ಈ ಲೇಖನದ ಉದ್ದೇಶಕ್ಕೆ ಅತ್ಯಂತ ಬೋಧಪ್ರದವಾದ ನಿದರ್ಶನವು ಓಆಹುವಿನ ಕಾನೆಓಹೆ ಕೊಲ್ಲಿಯ ದಡದಲ್ಲಿರುವ ಹೇಎಯಿಯಾ ಎಂಬ ಮೀನುಕೆರೆ. ಪೂರ್ವಿಕರು ಸಮುದ್ರತೀರದ ನೀರಿಗೆ ಅಡ್ಡಲಾಗಿ ಸುಮಾರು 7,000 ಅಡಿ ಉದ್ದದ ಕಲ್ಲಿನ ಏರಿಯನ್ನು ಕಟ್ಟಿ 88 ಎಕರೆ ನೀರನ್ನು ಆವರಿಸಿದ್ದಾರೆ. ಇದರ ವಯಸ್ಸು 600ರಿಂದ 800 ವರ್ಷಗಳೆಂದು ಎಣಿಸಲಾಗಿದೆ. ಏರಿಯಲ್ಲಿ ಮಾಕಾಹಾ ಎಂಬ ತೂಬುಗಳಿವೆ. ಅವುಗಳ ಜಾಲರಿಯಲ್ಲಿ ಮರಿಮೀನು ನುಸುಳಿ ಒಳಗೆ ಬರುತ್ತದೆ. ಒಳಗೆ ಮೇದು ಕೊಬ್ಬಿದ ಮೇಲೆ ಹೊರಕ್ಕೆ ಹೋಗಲಾರದು. ಅಘನಾಶಿನಿಯ ಅಳಿವೆಯಲ್ಲಿ ಗಜನಿ ಗದ್ದೆಗಳಿಗೆ ಭರತದ ನೀರನ್ನು ಅಳೆದು ಬಿಡುವವರಿಗೆ ಈ ಯುಕ್ತಿಯನ್ನು ವಿವರಿಸಬೇಕಾಗಿಲ್ಲ. 1965ರ ಪ್ರವಾಹದಲ್ಲಿ ಏರಿ ಒಡೆಯಿತು. ಹೊರಗಿನಿಂದ ತಂದು ನೆಟ್ಟಿದ್ದ ಕಾಂಡ್ಲಾ ಗಿಡಗಳು ಕಲ್ಲುಗಳ ಸಂದಿನಲ್ಲಿ ಬೇರುಬಿಟ್ಟುವು. 2001ರಲ್ಲಿ ಸ್ಥಳೀಯ ತರುಣರು ಕೂಡಿ ಪೇಪೇ ಓ ಹೇಎಯಿಯಾ ಎಂಬ ಸಂಘವನ್ನು ಸ್ಥಾಪಿಸಿ, ಗಿಡಗಳನ್ನು ಕಡಿದು, ಕಲ್ಲಿನ ಮೇಲೆ ಕಲ್ಲಿಡುವ ಕೆಲಸವನ್ನು ಕೈಗೆತ್ತಿಕೊಂಡರು.

2009ರ ಮೇ ತಿಂಗಳಿನಲ್ಲಿಯೂ ಮತ್ತೆ ಅಕ್ಟೋಬರಿನಲ್ಲಿಯೂ ಆ ಕೆರೆಯಲ್ಲಿ ಸಾಕಿದ್ದ ಮೋಇ ಎಂಬ ಮೀನುಗಳು ಸಾವಿರಗಟ್ಟಲೆ ಸತ್ತು ತೇಲಿದುವು. ಕೆರೆಯನ್ನು ಕಾಯುವವರು ತಮ್ಮ ದಿನಚರಿಯಲ್ಲಿ ಗಾಳಿ, ನೀರಿನ ಬಣ್ಣ, ಭರತ ಇಳಿತಗಳನ್ನು ಗುರುತು ಹಾಕಿಕೊಳ್ಳುತ್ತಿದ್ದವರು. ವಿಶ್ವವಿದ್ಯಾನಿಲಯದವರು ನೀರಿನ ಉಷ್ಣತೆಯನ್ನೂ ಆಮ್ಲಜನಕವನ್ನೂ ಅಳೆಯುತ್ತಿದ್ದವರು. ಎರಡನ್ನೂ ಸೇರಿಸಿ ನೋಡಿದಾಗ ಕಾರಣ ಹೊಳೆಯಿತು. ಶಾಂತಸಾಗರದ ಎಲ್ ನೀನ್ಯೋ ಸ್ಥಿತಿಯಲ್ಲಿ ವಾಣಿಜ್ಯಮಾರುತಗಳು ಬಲಗುಂದುತ್ತವೆ. ಗಾಳಿಯಿಲ್ಲದಾಗ ಕೆರೆಯ ನೀರು ಕದಡದು, ಬಿಸಿಯೇರುತ್ತದೆ, ಅದರೊಳಗಿನ ಆಮ್ಲಜನಕ ಇಳಿಯುತ್ತದೆ, ಮೀನು ಉಸಿರುಕಟ್ಟುತ್ತದೆ. ಈ ವಿವರಣೆ ವಿದ್ವತ್ಪತ್ರಿಕೆಯಲ್ಲಿ ಅಚ್ಚಾದುದು 2017ರಲ್ಲಿ. ಅದರ ಲೇಖಕರ ಪಟ್ಟಿಯಲ್ಲಿ ಕೆರೆಯನ್ನು ಕಾಯುವವರ ಹೆಸರುಗಳೂ ಇವೆ. ಮೀನು ಸತ್ತ ವರ್ಷದಿಂದ ಲೇಖನ ಹೊರಬಿದ್ದ ವರ್ಷಕ್ಕೆ ಎಂಟು ವರ್ಷ. ಸಾಮಾನ್ಯವಾದ ಧನಸಹಾಯದ ಅವಧಿ ಮೂರು ವರ್ಷ, ಹೆಚ್ಚೆಂದರೆ ಐದು. ಅಷ್ಟರಲ್ಲಿ ಅಧ್ಯಾಪಕನ ಕೆಲಸ ಖಾಯಮಾಗಬೇಕೋ ಬೇಡವೋ ಎಂಬುದನ್ನು ಅಚ್ಚಾದ ಲೇಖನಗಳನ್ನು ಎಣಿಸಿ ನಿರ್ಧರಿಸಿಬಿಡುತ್ತಾರೆ.

ಹೇಎಯಿಯಾದ ಸಂಘದವರೂ ಅವರ ಸಹಕಾರಿಗಳೂ ಸೇರಿ ಕೂಲನ ನೋಇಇ ಎಂಬ ನಡೆವಳಿಕೆಯ ಸೂತ್ರಗಳನ್ನು ರಚಿಸಿದರು. ಅವುಗಳ ಪರಿಷ್ಕೃತ ರೂಪ 2021ರಲ್ಲಿ ಹೊರಟಿತು. ಪ್ರಶ್ನೆಯನ್ನು ರೂಪಿಸುವುದಕ್ಕೆ ಮೊದಲೇ ಸ್ಥಳದವರನ್ನು ಕಾಣಬೇಕು, ಸಂಪಾದಿಸಿದ ಅಂಕಿಗಳು ಯಾರ ವಶದಲ್ಲಿರಬೇಕೆಂಬುದನ್ನು ಮುಂಚೆಯೇ ಒಪ್ಪಿಕೊಳ್ಳಬೇಕು, ಯೋಜನೆ ಮುಗಿದ ಮೇಲೆಯೂ ಸಂಬಂಧವನ್ನು ಕಡಿದುಕೊಳ್ಳಬಾರದು ಎಂಬುವು ಅದರ ಮುಖ್ಯಾಂಶಗಳು. ಇವು ಹೊಸ ಮಾತುಗಳಲ್ಲ. ನೆರೆಮನೆಗೆ ಹೋಗುವವನು ಹೊರಗೆ ನಿಂತು ಕೂಗಿಯೇ ಒಳಗೆ ಕಾಲಿಡುತ್ತಾನೆ. ಆದರೆ ಧನಸಹಾಯದ ಕ್ರಮದಲ್ಲಿ ಅರ್ಜಿ ಮೊದಲು, ಹಣ ಆಮೇಲೆ, ಊರಿಗೆ ಹೋಗುವುದು ಎಲ್ಲಕ್ಕೂ ಕೊನೆಗೆ. ಕೇಳುವುದಕ್ಕೆ ಮೊದಲೇ ಪ್ರಶ್ನೆಯನ್ನೂ ವಿಧಾನವನ್ನೂ ಫಲವನ್ನೂ ಅರ್ಜಿಯಲ್ಲಿ ಬರೆದಾಗಿರುತ್ತದೆ. ಪ್ರತಿಷ್ಠಾನವು 1997ರಿಂದ ಅರ್ಜಿಗಳನ್ನು ಶಾಸ್ತ್ರೀಯ ಯೋಗ್ಯತೆ ಮತ್ತು ವಿಶಾಲ ಪ್ರಯೋಜನ ಎಂಬ ಎರಡು ಒರೆಗಲ್ಲುಗಳಿಗೆ ತಿಕ್ಕಿ ನೋಡುತ್ತ ಬಂದಿದೆ. ಸ್ಥಳದವರ ಒಪ್ಪಿಗೆಯು ಎರಡನೆಯದರ ಕೆಳಗೆ ಒಂದು ಅಲಂಕಾರದಂತೆ ಬರುವುದೇ ಹೆಚ್ಚು. ಕೆಸುವಿನ ವಿಷಯದಲ್ಲಾದಂತೆ ಒಪ್ಪಿಗೆ ತಪ್ಪಿದಲ್ಲಿ ಶಾಸ್ತ್ರವೂ ನಿಂತುಹೋಗುವುದರಿಂದ, ಅದನ್ನು ಮೊದಲನೆಯದರಲ್ಲಿ ಎಣಿಸುವುದೇ ನ್ಯಾಯವಾಗಿ ತೋರುತ್ತದೆ.

ದೊಡ್ಡ ವಿಜ್ಞಾನಕ್ಕೂ ಈ ಪಾಠ ತಪ್ಪಿದ್ದಲ್ಲ. ಮೌನ ಕೇಅ ಶಿಖರದ ಮೇಲೆ ಮೂವತ್ತು ಮೀಟರಿನ ದೂರದರ್ಶಕವನ್ನು ನಿಲ್ಲಿಸುವ ಪ್ರಯತ್ನವು 2015ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ, ರಸ್ತೆಗೆ ಅಡ್ಡಲಾಗಿ ಕುಳಿತ ಮೂಲನಿವಾಸಿಗಳಿಂದ ನಿಂತಿತು. ಭಾರತವೂ ಇದರಲ್ಲಿ ಪಾಲುದಾರ. ಆ ಪಾಲಿನ ಕೆಲಸವನ್ನು ನಡೆಯಿಸುವ ಕೇಂದ್ರ ಇರುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ. 2022ರಲ್ಲಿ ಹವಾಯಿಯ ಶಾಸನಸಭೆ ಆ ಬೆಟ್ಟದ ಆಡಳಿತವನ್ನು ಮೂಲನಿವಾಸಿಗಳಿಗೂ ಸ್ಥಾನವಿರುವ ಹೊಸದೊಂದು ಮಂಡಲಿಗೆ ಒಪ್ಪಿಸುವ ಶಾಸನ ಮಾಡಿತು.

ಈ ಧನಸಹಾಯದ ಬುಡದಲ್ಲಿಯೇ ಇರುವ ಒಂದು ದುರ್ಬಲತೆಯನ್ನು ಹೇಳದೆ ವಿಷಯ ಪೂರ್ಣವಾಗದು. ಯಾವ ಕಾಲೇಜು ಮೂಲನಿವಾಸಿಗಳ ಸೇವೆಯಲ್ಲಿದೆಯೆಂಬುದನ್ನು ನಿರ್ಧರಿಸುವ ಬಗೆ ಯಾವುದು? 1998ರ ಶಾಸನವು ಅದಕ್ಕೆ ಎಣಿಕೆಯನ್ನು ಆಶ್ರಯಿಸಿತು: ವಿದ್ಯಾರ್ಥಿಗಳಲ್ಲಿ ಶೇಕಡಾ 10 ಮಂದಿ ಹವಾಯಿಯ ಮೂಲನಿವಾಸಿಗಳಾಗಿರಬೇಕು, ಅಲಾಸ್ಕಾದವರಾದರೆ ಶೇಕಡಾ 20. ಗುವಾಮಿನ ಚಮೋರೊಗಳೂ ಸಮೋವದವರೂ ಈ ಗುಂಪಿಗೆ ಸೇರಲಿಲ್ಲ. ಅವರಿಗೆ 2007ರಲ್ಲಿ ಏಷ್ಯಾ ಮೂಲದ ಅಮೆರಿಕನರೊಡನೆ ಸೇರಿಸಿ ಬೇರೊಂದು ಗುಂಪನ್ನು ಕಲ್ಪಿಸಲಾಯಿತು. ಖಂಡದ ಬುಡಕಟ್ಟುಗಳಿಗೆ ಕೇಂದ್ರ ಸರಕಾರದೊಡನೆ ಕರಾರುಗಳ ಸಂಬಂಧವಿರುವುದರಿಂದ ಅವರ ಕಾಲೇಜುಗಳು ಎಣಿಕೆಯ ಮೇಲೆ ನಿಂತಿಲ್ಲ. ಹವಾಯಿಯವರಿಗೆ ಅಂತಹ ಮನ್ನಣೆ ದೊರೆತಿಲ್ಲ. 1921ರ ಶಾಸನವು ಅವರಿಗೆಂದು ಭೂಮಿಯನ್ನು ಮೀಸಲಿಟ್ಟಿತು, 1993ರಲ್ಲಿ ಕಾಂಗ್ರೆಸ್ಸು ನೂರು ವರ್ಷಗಳ ಹಿಂದಿನ ಪದಚ್ಯುತಿಗಾಗಿ ಕ್ಷಮೆಯನ್ನೂ ಕೋರಿತು. ಆದರೂ 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು ವಂಶದ ಆಧಾರದ ಮೇಲೆ ಅವರಿಗಿದ್ದ ಒಂದು ಮತದಾನದ ಹಕ್ಕನ್ನು ಜನಾಂಗಭೇದವೆಂದು ತಳ್ಳಿಹಾಕಿತು. ಈ ಬಿರುಕೇ 2025ರಲ್ಲಿ ಬಾಯಿಬಿಟ್ಟಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಕೇಂದ್ರದ ಶಿಕ್ಷಣ ಇಲಾಖೆಯು ಶೇಕಡಾವಾರು ಎಣಿಕೆ ಸಂವಿಧಾನಕ್ಕೆ ವಿರುದ್ಧವೆಂದು ಹೇಳಿ, ಹವಾಯಿಯವರವೂ ಸೇರಿದಂತೆ ಇಂತಹ ಹಲವು ಕಾರ್ಯಕ್ರಮಗಳಿಗೆ ಸಲ್ಲುತ್ತಿದ್ದ ಸುಮಾರು 35 ಕೋಟಿ ಡಾಲರುಗಳನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಅದಕ್ಕೆ ಮೊದಲೇ, ಏಪ್ರಿಲಿನಿಂದ, ವಿಜ್ಞಾನ ಪ್ರತಿಷ್ಠಾನವು ಸಾವಿರಕ್ಕೂ ಮೀರಿದ ಸಹಾಯಗಳನ್ನು ದೇಶಾದ್ಯಂತ ನಡುದಾರಿಯಲ್ಲಿ ರದ್ದುಗೊಳಿಸಿತ್ತು. ಅವುಗಳಲ್ಲಿ ಕೆಲವು ನ್ಯಾಯಾಲಯಗಳ ಆಜ್ಞೆಯಿಂದ ಮರಳಿ ಬಂದುವು.

ನಡುವೆ ನಿಂತ ಧನಸಹಾಯದ ನಷ್ಟವನ್ನು ಡಾಲರುಗಳಲ್ಲಿ ಎಣಿಸಿದರೆ ಅರ್ಧವೂ ಕಾಣದು. ಸಮುದ್ರದ ನೀರನ್ನು ಈ ತಿಂಗಳು ಅಳೆಯದಿದ್ದರೆ ಮುಂದಿನ ವರ್ಷ ಈ ತಿಂಗಳ ನೀರನ್ನು ಅಳೆಯಲು ಸಾಧ್ಯವಿಲ್ಲ. ತರುಣಿಯಾದ ಅಧ್ಯಾಪಕಿಯು ಐದು ಪಾಠಗಳಿಗೆ ಮರಳುತ್ತಾಳೆ. ವಾರಕ್ಕೊಮ್ಮೆ ಬರುವೆನೆಂದು ಕೆರೆಯವರಿಗೆ ಕೊಟ್ಟಿದ್ದ ಮಾತು ತಪ್ಪುತ್ತದೆ. ಹಿಂದೆಯೂ ಹೊರಗಿನಿಂದ ಬಂದು ಅಳೆದು ಹೋದವರನ್ನು ಕಂಡಿರುವ ಊರಿನ ಹಿರಿಯರು ಇವಳನ್ನೂ ಅವರ ಸಾಲಿಗೆ ಸೇರಿಸಿದರೆ ಆಶ್ಚರ್ಯವಿಲ್ಲ.

ಹೇಎಯಿಯಾದ ಏರಿಯ ಒಡಕು ಐವತ್ತು ವರ್ಷ ತೆರೆದೇ ಇತ್ತು. 2015ರ ಡಿಸೆಂಬರಿನಲ್ಲಿ ಊರವರೂ ನೆರೆಯೂರವರೂ ದೊಡ್ಡ ಗುಂಪಾಗಿ ನೆರೆದು, ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲುಗಳನ್ನು ದಾಟಿಸಿ ಅದನ್ನು ಮುಚ್ಚಿದರು. ಹೊಸ ತೂಬುಗಳೂ ಬಂದುವು. ಆಮೇಲೆ ಕೆರೆಯೊಳಗಿನ ನೀರು ಹಿಂದಿಗಿಂತ ಬೇಗ ಬೇಗ ಬದಲಾಗುತ್ತಿದೆ ಎಂಬುದನ್ನು 2019ರಲ್ಲಿ ಅಚ್ಚಾದ ಒಂದು ಲೇಖನವು ಅಂಕಿಗಳಿಂದ ತೋರಿಸಿತು. ಹಾಗೆ ಹೋಲಿಸಿ ನೋಡಲು ಆದುದು, ಏರಿಯನ್ನು ಮುಚ್ಚುವುದಕ್ಕೆ ಎಷ್ಟೋ ವರ್ಷ ಮೊದಲು, ಒಡಕು ಬಾಯಿಬಿಟ್ಟುಕೊಂಡಿದ್ದಾಗಲೇ, ಅದೇ ತೂಬುಗಳ ಬಳಿ ನಿಂತು ನೀರಿನ ಓಟವನ್ನು ಅಳೆದು ಬರೆದಿಟ್ಟವರು ಇದ್ದುದರಿಂದ.